ಅಗಲ ಪಾದಕ್ಕೆ ಉದ್ದದ ಶೂ ಮದ್ದಲ್ಲ

ಪಾದ ಅಗಲವಿರುವ ಹೆಂಗಸರಿಗೆ ಚಪ್ಪಲಿ ಅಂಗಡಿಯಲ್ಲಿ ಸಿಗುವ ಸಲಹೆ ಎರಡೇ. ‘ಒಂದು ನಂಬರ್ ದೊಡ್ಡದು ತಗೊಳ್ಳಿ ಮೇಡಂ’ ಎನ್ನುವುದು ಒಂದು. ‘ನಾಲ್ಕು ದಿನ ಹಾಕಿದರೆ ತಾನೇ ಸಡಿಲವಾಗುತ್ತದೆ’ ಎನ್ನುವುದು ಇನ್ನೊಂದು. ದಾವಣಗೆರೆಯ ಮಂಡಿಪೇಟೆಯ ಸಣ್ಣ ಅಂಗಡಿಗೆ ಹೋದರೂ ಇದೇ ಮಾತು, ಗಾಜಿನ ಬಾಗಿಲಿನ ದೊಡ್ಡ ಮಳಿಗೆಗೆ ಹೋದರೂ ಇದೇ ಮಾತು. ಮೊದಲನೆಯದು ತಪ್ಪು ಲೆಕ್ಕ, ಎರಡನೆಯದು ಅರ್ಧ ಸತ್ಯ.

ಲೆಕ್ಕ ಹೀಗಿದೆ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಬ್ರಿಟಿಷ್ ನಂಬರ್. ಅದರಲ್ಲಿ ಒಂದು ನಂಬರ್ ಏರಿದರೆ ಶೂ ಒಂದು ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ಉದ್ದವಾಗುತ್ತದೆ. ಅಗಲ ಹೆಚ್ಚುವುದು 2 ಮಿ.ಮೀ. ಆಸುಪಾಸು. ಬೇಕಾಗಿದ್ದದ್ದು ಅಗಲ, ಸಿಕ್ಕಿದ್ದು ಉದ್ದ. ಪಾದ ಮಡಚುವ ಜಾಗವೇ ಬೇರೆ, ಶೂ ಮಡಚುವ ಜಾಗವೇ ಬೇರೆ ಆಗುತ್ತದೆ. ಪ್ರತಿ ಹೆಜ್ಜೆಗೂ ಹಿಮ್ಮಡಿ ಮೇಲೇಳುತ್ತದೆ, ಜಾರುವ ಶೂವನ್ನು ಹಿಡಿದುಕೊಳ್ಳಲು ಬೆರಳುಗಳು ಮುದುಡುತ್ತವೆ. ಇಷ್ಟೆಲ್ಲ ಆದಮೇಲೂ ಕಿರುಬೆರಳಿನ ಮೇಲಿನ ಆಣಿ ಹಾಗೆಯೇ ಉಳಿಯುತ್ತದೆ.

ನಿಮ್ಮ ಪಾದದಲ್ಲಿ ದೋಷವೇನೂ ಇಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ಯುರೋಪ್, ಅಮೆರಿಕದವರ ಪಾದಕ್ಕಿಂತ ನಮ್ಮವರ ಪಾದ ಅಗಲ ಎಂಬುದು ಅದರಲ್ಲಿ ಕಂಡುಬಂತು. ‘ಭಾ’ ಎಂಬ ಹೆಸರಿನ ದೇಶೀ ಅಳತೆ ಬೇಕೆಂಬ ಸಲಹೆ ಹುಟ್ಟಿದ್ದೂ ಈ ಸಮೀಕ್ಷೆಯಿಂದಲೇ. ಆ ಅಳತೆಯ ಶೂ ನಿಮ್ಮ ಅಂಗಡಿಯ ಕಪಾಟಿಗೆ ಬರುವವರೆಗೆ ಕಾಯಲಾಗದು. ಕಚೇರಿಗೆ, ಕಾಲೇಜಿಗೆ, ನ್ಯಾಯಾಲಯಕ್ಕೆ ನಾಳೆಯೂ ಹೋಗಬೇಕಲ್ಲ.

ಮೊದಲು ಅಳತೆ

ಸಂಜೆ ಅಳೆಯಿರಿ. ದಿನವಿಡೀ ನಿಂತು ಓಡಾಡಿದ ಪಾದ ಬೆಳಗಿನದಕ್ಕಿಂತ ಊದಿಕೊಂಡಿರುತ್ತದೆ. ಏಪ್ರಿಲ್, ಮೇ ತಿಂಗಳ ದಾವಣಗೆರೆ ಬಿಸಿಲಿನಲ್ಲಂತೂ ಕೇಳುವುದೇ ಬೇಡ. ಗಟ್ಟಿ ನೆಲದ ಮೇಲೆ ಬಿಳಿ ಹಾಳೆ ಹಾಸಿ, ಪೂರ್ತಿ ಭಾರ ಬಿಟ್ಟು ನಿಲ್ಲಿ. ಕುಳಿತು ಅಳೆದರೆ ಪಾದ ಹರಡುವುದಿಲ್ಲ, ಅಳತೆ ಸುಳ್ಳಾಗುತ್ತದೆ. ಗೆರೆ ಎಳೆಯುವ ಕೆಲಸವನ್ನು ಮನೆಯಲ್ಲಿ ಬೇರೆ ಯಾರಿಗಾದರೂ ಒಪ್ಪಿಸಿ. ನೀವೇ ಬಗ್ಗಿದರೆ ಭಾರ ಅತ್ತಿತ್ತ ಆಗುತ್ತದೆ. ಪೆನ್ಸಿಲ್ ನೆಟ್ಟಗಿರಲಿ. ಓರೆಯಾಗಿ ಪಾದದಡಿಗೆ ನುಗ್ಗಿಸಿದರೆ ಪಾದ ತೆಳ್ಳಗಾಗುವುದು ಕಾಗದದ ಮೇಲೆ ಮಾತ್ರ.

ಬೇಕಿರುವುದು ಮೂರು ಅಂಕಿ. ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನ ತುದಿಯವರೆಗೆ ಉದ್ದ (ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ). ಹೆಬ್ಬೆರಳ ಬುಡದ ಗಂಟಿನಿಂದ ಕಿರುಬೆರಳ ಬುಡದ ಗಂಟಿನವರೆಗೆ ಅಗಲ. ಅದೇ ಜಾಗದಲ್ಲಿ ದರ್ಜಿಯ ಟೇಪು ಸುತ್ತಿದರೆ ಸಿಗುವ ಸುತ್ತಳತೆ. ಮೂರನೆಯದನ್ನು ಬಿಡಬೇಡಿ. ಕೆಲವರ ಪಾದ ಅಗಲಕ್ಕಿಂತ ಹೆಚ್ಚಾಗಿ ದಪ್ಪವಾಗಿರುತ್ತದೆ. ಅಂಥವರಿಗೆ ಅಟ್ಟೆ ಸಾಕಷ್ಟು ಅಗಲವಿದ್ದರೂ ಶೂ ಮೇಲಿನಿಂದ ಒತ್ತುತ್ತದೆ. ಎರಡೂ ಪಾದ ಅಳೆದು, ದೊಡ್ಡದರ ಲೆಕ್ಕವನ್ನೇ ಹಿಡಿಯಿರಿ.

ಕಾಲುಂಗುರ ಹಾಕುವವರು ಅದನ್ನು ಹಾಕಿಕೊಂಡೇ ಅಳೆಯಬೇಕು. ಯಾವ ಕಂಪನಿಯ ಅಳತೆ ಪಟ್ಟಿಯಲ್ಲೂ ಕಾಲುಂಗುರಕ್ಕೆ ಜಾಗವಿಲ್ಲ. ಅದು ಬೆರಳುಗಳನ್ನು ದೂರ ಸರಿಸುತ್ತದೆ. ಮುಚ್ಚಿದ ಶೂ ಅವನ್ನು ಮತ್ತೆ ಒತ್ತಿದಾಗ ಬೆಳ್ಳಿಯ ಅಂಚು ಪಕ್ಕದ ಬೆರಳಿಗೆ ಕೊರೆಯುತ್ತದೆ. ಮೇಲೆ ಹೂವಿನ ಕುಸುರಿ ಇದ್ದರೆ ಶೂವಿನ ಮೇಲ್ಭಾಗವನ್ನೂ ತಿನ್ನುತ್ತದೆ. ಉಂಗುರ ತೆಗೆದಿಡಿ ಎಂದು ಸುಲಭವಾಗಿ ಹೇಳುವವರಿದ್ದಾರೆ. ಹೊಂದಿಕೊಳ್ಳಬೇಕಾದದ್ದು ಶೂ ಎಂಬುದು ನನ್ನ ವಾದ. ಬೆರಳಿನ ಜಾಗದಲ್ಲಿ ಎತ್ತರವೂ ಇರುವ ಶೂ ಹುಡುಕಿ, ಬೇಕಿದ್ದರೆ ಕೆಲಸದ ದಿನಗಳಿಗೆ ಕುಸುರಿಯಿಲ್ಲದ ತೆಳು ಉಂಗುರ ಇಟ್ಟುಕೊಳ್ಳಿ. ಕಾಲುಗೆಜ್ಜೆಯನ್ನೂ ಹಾಕಿಕೊಂಡೇ ಅಂಗಡಿಗೆ ಹೋಗಿ. ಹಿಂಬದಿಯ ಅಂಚಿಗೆ ಅದು ಸಿಕ್ಕಿಕೊಳ್ಳುತ್ತದೆಯೇ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಪೆಟ್ಟಿಗೆಯ ಮೇಲಿನ ಅಕ್ಷರ

ನಂಬರ್ ಹೇಳುವುದು ಉದ್ದವನ್ನು ಮಾತ್ರ. ಅಗಲಕ್ಕೆ ಬೇರೆ ಅಕ್ಷರಗಳಿವೆ, ಅವು ದೇಶಕ್ಕೊಂದು ರೀತಿ. ಅಮೆರಿಕದ ಲೆಕ್ಕದಲ್ಲಿ ಹೆಂಗಸರ ಸಾಮಾನ್ಯ ಅಗಲ ‘ಬಿ’, ಅಗಲದ್ದು ‘ಡಿ’, ಇನ್ನೂ ಅಗಲದ್ದು ‘2ಇ’. ಬ್ರಿಟಿಷ್ ಲೆಕ್ಕದಲ್ಲಿ ‘ಡಿ’ ಎಂದರೆ ಹೆಂಗಸರ ಸಾಮಾನ್ಯ ಅಗಲ. ‘ಇ’ ಮತ್ತು ‘ಇಇ’ ಅಗಲದವು. ಹಾಗಾಗಿ ‘ಡಿ’ ಎಂದು ಕಂಡೊಡನೆ ಹಿಗ್ಗಬೇಡಿ, ಯಾವ ದೇಶದ ‘ಡಿ’ ಎಂದು ನೋಡಿ. ಸ್ಥಳೀಯ ಅಂಗಡಿಗಳ ಪೆಟ್ಟಿಗೆಯ ಮೇಲೆ ಈ ಅಕ್ಷರ ಅಪರೂಪ. ಆನ್‌ಲೈನ್ ಖರೀದಿಯಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಗಂಡಸರ ಶೂವಿನ ಅಚ್ಚು ಅದೇ ಉದ್ದದಲ್ಲಿ ಹೆಂಗಸರದಕ್ಕಿಂತ ಅಗಲ. ಬ್ರಿಟಿಷ್ ನಂಬರ್ ಇಬ್ಬರಿಗೂ ಒಂದೇ ಆದ್ದರಿಂದ ಲೆಕ್ಕ ಹಾಕುವ ಗೊಂದಲವೂ ಇಲ್ಲ. 6 ನಂಬರಿನವರು ಗಂಡಸರ ಸಾಲಿನಲ್ಲಿ, ಅದಕ್ಕಿಂತ ಚಿಕ್ಕ ಪಾದದವರು ಗಂಡುಹುಡುಗರ ಸಾಲಿನಲ್ಲಿ ಧಾರಾಳವಾಗಿ ಹುಡುಕಬಹುದು. ಅಲಂಕಾರವಿಲ್ಲದ ಕಪ್ಪು ಕಟ್ ಶೂ ಪ್ಯಾಂಟಿನ ಕೆಳಗೆ ಕಂಡಾಗ ಅದು ಯಾವ ಸಾಲಿನಿಂದ ಬಂತೆಂದು ಯಾರೂ ಕೇಳುವುದಿಲ್ಲ. ಅಂಗಡಿಯ ಹುಡುಗ ‘ಇದು ಜೆಂಟ್ಸ್ ಮೇಡಂ’ ಎಂದು ಮುಖ ನೋಡಿದರೆ ನೋಡಲಿ.

ಆಕಾರ, ಚರ್ಮ

ಮುಂಭಾಗ ದುಂಡಗೆ ಅಥವಾ ಚೌಕಾಕಾರವಾಗಿರಲಿ. ಚೂಪು ಮೂತಿಯೇ ಬೇಕೆನ್ನುವವರು ಆ ಚೂಪು ಬೆರಳುಗಳ ತುದಿ ದಾಟಿದ ಮೇಲೆ ಶುರುವಾಗುತ್ತದೆಯೇ ಎಂದು ಮುಟ್ಟಿ ನೋಡಬೇಕು. ಲೇಸ್ ಇರುವ ಶೂಗಳಲ್ಲಿ ಡರ್ಬಿ ಮಾದರಿ ಒಳ್ಳೆಯದು. ಲೇಸ್ ತೂತುಗಳಿರುವ ಎರಡು ಮಗ್ಗುಲುಗಳು ಅದರಲ್ಲಿ ಬಿಡಿಯಾಗಿ ತೆರೆದುಕೊಳ್ಳುತ್ತವೆ. ಆಕ್ಸ್‌ಫರ್ಡ್ ಮಾದರಿಯಲ್ಲಿ ಅವು ಕೆಳಗೆ ಹೊಲಿದುಕೊಂಡಿರುವುದರಿಂದ ಅಷ್ಟು ಬಿಚ್ಚುವುದಿಲ್ಲ. ಆದರೆ ಮನೆ, ದೇವಸ್ಥಾನ, ಕಂಪ್ಯೂಟರ್ ಕೊಠಡಿ ಎಂದು ದಿನಕ್ಕೆ ಹತ್ತು ಬಾರಿ ಶೂ ಬಿಚ್ಚುವ ನಮಗೆ ಲೇಸ್ ಕಿರಿಕಿರಿ. ಬಕಲ್ ಅಥವಾ ವೆಲ್ಕ್ರೋ ಪಟ್ಟಿ ಇರುವುದು ಹೆಚ್ಚು ವಾಸಿ. ಬೆಳಿಗ್ಗೆ ಬಿಗಿ ಮಾಡಿ, ಸಂಜೆ ಒಂದು ತೂತು ಸಡಿಲಿಸಬಹುದು.

ಮುಂದೆ ಅಗಲ, ಹಿಮ್ಮಡಿ ಮಾತ್ರ ಸಣ್ಣ ಎನ್ನುವವರ ಕಷ್ಟಕ್ಕೂ ಪಟ್ಟಿಯೇ ಉತ್ತರ. ಮುಂಭಾಗಕ್ಕೆ ಒಪ್ಪುವ ಶೂ ತೆಗೆದುಕೊಂಡು, ಹಿಮ್ಮಡಿಯ ಒಳಗೆ ಮೆತ್ತನೆಯ ಪ್ಯಾಡ್ ಅಂಟಿಸಿ. ಹಿಮ್ಮಡಿಗೆ ಒಪ್ಪುವುದನ್ನು ಕೊಂಡು ಮುಂಭಾಗವನ್ನು ಹಿಗ್ಗಿಸಲು ಹೊರಟರೆ ದುಡ್ಡು ದಂಡ.

ಹೀಲ್ ಎತ್ತರವಾದಷ್ಟೂ ಭಾರ ಮುಂದಕ್ಕೆ ಜಾರಿ, ಪಾದದ ಅತಿ ಅಗಲದ ಭಾಗ ಶೂವಿನ ಅತಿ ಇಕ್ಕಟ್ಟಿನ ಜಾಗಕ್ಕೆ ನುಗ್ಗುತ್ತದೆ. ಎತ್ತರ ಬೇಕೇ ಬೇಕಾದರೆ ಎರಡು ಮೂರು ಸೆಂಟಿಮೀಟರಿನ ಅಗಲ ಹೀಲ್ ಸಾಕು. ಸೀರೆಯ ಅಂಚು ಸಿಕ್ಕಿಕೊಳ್ಳುವ ಭಯವೂ ಇಲ್ಲ.

ಇನ್ನು ಅಂಗಡಿಯವನ ಆ ಅರ್ಧ ಸತ್ಯ. ಮೆತ್ತನೆಯ ಚರ್ಮ ಮತ್ತು ಸ್ವೀಡ್ ಪಾದಕ್ಕೆ ತಕ್ಕಂತೆ ಸ್ವಲ್ಪ ಹಿಗ್ಗುತ್ತವೆ. ರೆಕ್ಸಿನ್ ಹಿಗ್ಗುವುದಿಲ್ಲ, ಬಿರಿಯುತ್ತದೆ. ಹೊಳೆಯುವ ಪೇಟೆಂಟ್ ಚರ್ಮವೂ ಮೊಂಡು. ಯಾವುದು ಯಾವುದೆಂದು ತಿಳಿಯಲು ಒಳಗೆ ಮುದ್ರಿಸಿದ ಚಿಹ್ನೆ ನೋಡಿ: ಹರಡಿದ ತೊಗಲಿನ ಆಕಾರವಿದ್ದರೆ ಚರ್ಮ, ವಜ್ರಾಕೃತಿ ಇದ್ದರೆ ಬೇರೆ ವಸ್ತು. ಹೆಬ್ಬೆರಳ ಗಂಟು ಹೊರಚಾಚಿದವರು ಆ ಜಾಗದ ಮೇಲೆ ಹೊಲಿಗೆ ಹಾಯ್ದಿರುವ ಶೂವನ್ನು ಎತ್ತಿಕೊಳ್ಳಲೇಬಾರದು.

ಸೀರೆ, ಚೂಡಿದಾರಕ್ಕೆ ಮುಚ್ಚಿದ ಶೂವೇ ಬೇಕೆಂದು ಯಾರೂ ಬರೆದಿಟ್ಟಿಲ್ಲ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳೂ ಮಾಡುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಅದರಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿವೆ. ಅಸಲಿ ಚರ್ಮದ್ದಾದರೆ ಮೊದಲು ಬಿಗಿಯೆನಿಸಿದರೂ ಪಾದದ ಆಕಾರಕ್ಕೆ ಒಗ್ಗುತ್ತದೆ. ಮಳೆಗಾಲದಲ್ಲಿ ಮಾತ್ರ ಹೊರಗೆ ತೆಗೆಯಬೇಡಿ.

ನೋಟದ ವಿಚಾರ ಹೆಚ್ಚು ಹೇಳುವಂಥದ್ದಲ್ಲ. ಕಪ್ಪು, ಕಡುಕಂದು ಅಥವಾ ಕಡುಗೆಂಪು, ಹೊಳಪು ಕಡಿಮೆ, ಅಟ್ಟೆಯೂ ಅದೇ ಬಣ್ಣ. ಕಪ್ಪು ಶೂಗೆ ಬಿಳಿ ಅಟ್ಟೆ ಇದ್ದರೆ ಪಾದದ ಸುತ್ತ ಗಡಿರೇಖೆ ಎಳೆದಂತಾಗಿ ಅಗಲವೇ ಎದ್ದು ಕಾಣುತ್ತದೆ.

ಅಂಗಡಿಯೊಳಗೆ

ಅಂಗಡಿಗೂ ಸಂಜೆಯೇ ಹೋಗಿ, ಕೆಲಸಕ್ಕೆ ಹಾಕುವ ಕಾಲುಚೀಲ ಜೊತೆಗಿರಲಿ. ಅಂಗಡಿಯವನು ಹೆಬ್ಬೆರಳ ತುದಿ ಒತ್ತಿ ‘ಸರಿಯಾಗಿದೆ’ ಎನ್ನುತ್ತಾನೆ. ಅವನು ನೋಡಿದ್ದು ಉದ್ದ. ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇದ್ದರೆ ಉದ್ದದ ಮಾತು ಮುಗಿಯಿತು. ಅಗಲ ನೋಡಲು ಒಳಹಾಸು ಹೊರತೆಗೆದು ನೆಲದ ಮೇಲಿಟ್ಟು, ಅದರ ಮೇಲೆ ನಿಲ್ಲಿ. ಪಾದ ಅಂಚಿನಿಂದ ಹೊರಗೆ ಚೆಲ್ಲಿದರೆ ಆ ಶೂ ಎಷ್ಟೇ ಚೆನ್ನಾಗಿದ್ದರೂ ವಾಪಸ್ ಕೊಡಿ. ಒಳಹಾಸು ಅಂಟಿಸಿದ್ದರೆ ಮನೆಯಲ್ಲಿ ಎಳೆದ ಪಾದದ ಗೆರೆಯನ್ನು ರಟ್ಟಿಗೆ ಅಂಟಿಸಿ ಕತ್ತರಿಸಿ ತನ್ನಿ, ಅದನ್ನು ಶೂ ಒಳಗೆ ತಳ್ಳಿ. ರಟ್ಟಿನ ಅಂಚು ಮೇಲಕ್ಕೆ ಮಡಚಿಕೊಂಡರೆ ನಿಮ್ಮ ಕಿರುಬೆರಳ ಗತಿಯೂ ಅದೇ. ಆನ್‌ಲೈನ್‌ನಲ್ಲಿ ತರಿಸಿದ ಶೂವಿಗೂ ಮೊದಲು ಈ ರಟ್ಟಿನ ಪರೀಕ್ಷೆ ಆಗಲಿ, ಕಾಲು ಹಾಕುವುದು ಆಮೇಲೆ.

ಎರಡೂ ಕಾಲಿಗೆ ಹಾಕಿ, ರತ್ನಗಂಬಳಿ ಬಿಟ್ಟು ಬರೀ ನೆಲದ ಮೇಲೆ ನಡೆಯಿರಿ. ಮೆಟ್ಟಿಲಿದ್ದರೆ ಇಳಿದು ನೋಡಿ, ಇಳಿಯುವಾಗಲೇ ಬೆರಳಿಗೆ ಸತ್ಯ ತಿಳಿಯುವುದು. ಬೇರೆ ಗಿರಾಕಿಗಳಿದ್ದಾರೆಂಬ ಸಂಕೋಚಕ್ಕೆ ಅವಸರಪಡಬೇಡಿ. ಎಷ್ಟು ದಿನದೊಳಗೆ ಬದಲಿಸಿಕೊಡುತ್ತಾರೆಂದು ಬಿಲ್ಲಿನ ಮೇಲೆ ಬರೆಸಿಕೊಂಡು, ಮನೆಯಲ್ಲಿ ಜಮಖಾನೆಯ ಮೇಲೆ ಒಂದು ಸಂಜೆ ಪೂರ್ತಿ ಹಾಕಿ ಓಡಾಡಿ. ಅಟ್ಟೆಗೆ ಮಣ್ಣು ತಗುಲದಿದ್ದರೆ ಬದಲಿಸುವಾಗ ತಕರಾರು ಇರುವುದಿಲ್ಲ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ‘ಹಿತವಾಗಿದೆ’ ಎಂಬ ಅನಿಸಿಕೆಯನ್ನು ನಂಬಬಾರದು. ಒಳಹಾಸಿನ ಮತ್ತು ರಟ್ಟಿನ ಪರೀಕ್ಷೆಯನ್ನೇ ನಂಬಬೇಕು, ಹೊಸ ಶೂ ಬಿಚ್ಚಿದಾಗಲೆಲ್ಲ ಕೆಂಪಗಾಗಿದೆಯೇ ಎಂದು ಪಾದ ನೋಡಿಕೊಳ್ಳಬೇಕು. ಒಂದೇ ಪಾದ ಇದ್ದಕ್ಕಿದ್ದಂತೆ ಊದಿದರೆ ಶೂ ಅಂಗಡಿ ಬಿಟ್ಟು ವೈದ್ಯರ ಬಳಿ ಹೋಗಿ.

ಎಲ್ಲ ಸರಿಯಿದ್ದು ಒಂದು ಜಾಗದಲ್ಲಿ ಮಾತ್ರ ಒತ್ತುವ ಚರ್ಮದ ಶೂವನ್ನು ಮೋಚಿಯ ಬಳಿ ಹಿಗ್ಗಿಸಬಹುದು. ‘ಇಲ್ಲೆಲ್ಲೋ ಕಚ್ಚುತ್ತದೆ’ ಎಂದರೆ ಇಡೀ ಶೂ ಹಿಗ್ಗಿ ಬರುತ್ತದೆ. ಶೂ ಹಾಕಿಕೊಂಡೇ ನೋಯುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ ಕೊಡಿ, ಒಂದು ರಾತ್ರಿ ಅಚ್ಚಿನಲ್ಲಿ ಇರಲಿ. ಬದಲಿಸುವ ಗಡುವು ಇನ್ನೂ ಬಾಕಿಯಿದ್ದರೆ ಮೊದಲು ಅಂಗಡಿಗೆ ಹೋಗಿ. ಮೋಚಿಯ ಕೈಗೆ ಹೋಗಿ ಬಂದ ಶೂವನ್ನು ಯಾವ ಅಂಗಡಿಯೂ ಮರಳಿ ಪಡೆಯುವುದಿಲ್ಲ.