ಮಸಾರಿ ನೆಲದಲ್ಲಿ ತಾತ್ಕಾಲಿಕ ಹೆಲಿಪ್ಯಾಡ್ ಮಾಡುವ ಬಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಉತ್ಸವ, ಚುನಾವಣೆ ಬಂದರೆ ಹೆಲಿಪ್ಯಾಡ್ ಕೆಲಸ ಎರಡೇ ದಿನ ಮುಂಚೆ ತಲೆಗೆ ಬೀಳುತ್ತದೆ. ಎಲ್ಲರೂ ಮೊದಲು ಎಚ್ ಅಕ್ಷರದ ಸುಣ್ಣಕ್ಕೆ ಓಡುತ್ತಾರೆ. ಮೊದಲು ಕೇಳಬೇಕಾದದ್ದು ಬರುವುದು ಯಾವ ಹೆಲಿಕಾಪ್ಟರ್ ಎಂದು.

ರೆಕ್ಕೆಯ ತುದಿಯಿಂದ ಬಾಲದ ತುದಿವರೆಗಿನ ಪೂರ್ತಿ ಉದ್ದವೇ ಎಲ್ಲ ಅಳತೆಗೂ ಮೂಲ. ಎಡಬ್ಲ್ಯೂ 139 ಆದರೆ 16.7 ಮೀಟರ್. ಚಕ್ರ ಊರುವ ಗಟ್ಟಿ ನೆಲ ಅದರ 0.83 ಪಟ್ಟು, ಅಂದರೆ 14 ಮೀಟರ್. 15 ಎಂದೇ ಹಿಡಿಯಿರಿ. ಇಳಿದು ಏರುವ ಬಯಲು ಒಂದೂವರೆ ಪಟ್ಟು, 25 ಮೀಟರ್. ಅದರ ಸುತ್ತ ಇನ್ನೂ ನಾಲ್ಕೂಕಾಲು ಮೀಟರ್ ಬರಿದಾಗಿರಬೇಕು. ವಾಯುಪಡೆಯ ಎಂಐ-17 ಬರುವುದಾದರೆ ಉದ್ದ 25 ಮೀಟರ್ ದಾಟುತ್ತದೆ, ತೂಕ 13 ಟನ್‌ವರೆಗೆ ಹೋಗುತ್ತದೆ. ಆಗ ಒಟ್ಟು 51 ಮೀಟರ್ ಚೌಕ ಬೇಕು.

ಜಾಗ ನೋಡುವಾಗ ಎರೆ, ಅಂದರೆ ಕಪ್ಪು ಮಣ್ಣಿನ ಹೊಲ ಬಿಡಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಟ್ಟಿಯಾಗಿ ಕಂಡರೂ ಒಂದು ಮಳೆ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ, ಚಕ್ರ ಹೂತುಕೊಳ್ಳುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ಭೂಮಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಎರೆ ಬಿಟ್ಟು ಬೇರೆ ಗತಿಯಿಲ್ಲದಿದ್ದರೆ ಮೇಲಿನ ಒಂದಡಿ ಮಣ್ಣು ತೆಗೆಸಿ ಗರಸು (ಕಲ್ಲುಚೂರು ಬೆರೆತ ಒರಟು ಮಣ್ಣು) ತುಂಬಿಸಿ.

ಮಸಾರಿಯ ಮೇಲೆ 30 ಮೀಟರ್ ಚೌಕಕ್ಕೆ 15 ಸೆಂಟಿಮೀಟರ್ ಗರಸು ಕೂರಲು 135 ಘನ ಮೀಟರ್ ಬೇಕು. ರೋಲರ್ ಹೊಡೆದ ಮೇಲೆ ಕುಗ್ಗುವುದನ್ನು ಲೆಕ್ಕ ಹಾಕಿ 60 ಬ್ರಾಸ್ (ಒಂದು ಬ್ರಾಸ್ ನೂರು ಘನ ಅಡಿ), ಅಂದರೆ ಎರಡು ಬ್ರಾಸಿನ ಟಿಪ್ಪರ್ 30 ಲೋಡ್ ತರಿಸಿ. ನೀರು ಹೊಡೆದು, ಸ್ವಲ್ಪ ಆರಿದ ಮೇಲೆ ರೋಲರ್ ಓಡಿಸಿ. ಹಸಿ ಇರುವಾಗಲೇ ಓಡಿಸಿದರೆ ಗರಸು ಡ್ರಮ್ಮಿಗೆ ಅಂಟಿ ಎದ್ದು ಬರುತ್ತದೆ. ಇಳಿಜಾರು ನೂರಕ್ಕೆ ಎರಡು ದಾಟಬಾರದು: 15 ಮೀಟರಿಗೆ 30 ಸೆಂಟಿಮೀಟರ್. ಕೊನೆಗೆ ತುಂಬಿದ ಟಿಪ್ಪರನ್ನು ಅದರ ಮೇಲೆ ನಿಧಾನಕ್ಕೆ ಓಡಿಸಿ ನೋಡಿ. ಗಾಲಿಯ ಜಾಡು ಮೂಡಿದರೆ ಅಲ್ಲಿ ಮತ್ತೆ ಕೆಲಸ ಇದೆ.

ಇನ್ನು ತಲೆಯೆತ್ತಿ ನೋಡಿ. ಬರುವ ಹೋಗುವ ದಾರಿಯಲ್ಲಿ 100 ಮೀಟರ್ ದೂರಕ್ಕೆ 8 ಮೀಟರ್, 50 ಮೀಟರ್ ದೂರಕ್ಕೆ 4 ಮೀಟರ್, ಅದಕ್ಕಿಂತ ಎತ್ತರದ್ದೇನೂ ಇರಬಾರದು ಎಂಬ ಲೆಕ್ಕ ಇಟ್ಟುಕೊಳ್ಳಿ. ನಮ್ಮಲ್ಲಿ ಮುಂಗಾರಿನ ಗಾಳಿ ಪಶ್ಚಿಮದಿಂದ, ಚಳಿಗಾಲದ್ದು ಹೆಚ್ಚಾಗಿ ಮೂಡಣದಿಂದ. ಹಾಗಾಗಿ ಪೂರ್ವ-ಪಶ್ಚಿಮ ಎರಡೂ ಕಡೆ ತೆರೆದಿರುವ ಜಾಗ ವರ್ಷವಿಡೀ ಒದಗುತ್ತದೆ. ಮೇಲಿನಿಂದ ಕಂಬ ಕಂಡರೂ 11 ಕೆವಿ ತಂತಿ ಕಾಣುವುದಿಲ್ಲ. ಹತ್ತಿರ ಲೈನ್ ಇದ್ದರೆ ಪೈಲಟ್‌ಗೆ ಕಳಿಸುವ ನಕ್ಷೆಯಲ್ಲಿ ಗುರುತಿಸಿ. ನಾಲ್ಕೂ ಕಡೆ ಕಟ್ಟಡವಿರುವ ಶಾಲಾ ಮೈದಾನ ಏಪ್ರಿಲ್-ಮೇ ತಿಂಗಳಿಗೆ ಬೇಡವೇ ಬೇಡ. 40 ಡಿಗ್ರಿ ಬಿಸಿಲಿನಲ್ಲಿ ಗಾಳಿ ತೆಳುವಾಗಿ ಎಂಜಿನ್ನಿನ ಶಕ್ತಿ, ರೆಕ್ಕೆಯ ಎತ್ತುವಿಕೆ ಎರಡೂ ಕುಗ್ಗುತ್ತವೆ, ತುಂಬಿದ ಹೆಲಿಕಾಪ್ಟರ್ ನೆಟ್ಟಗೆ ಮೇಲೇಳಲು ತಿಣುಕುತ್ತದೆ.

ಅತಿ ಹೆಚ್ಚು ಕೆಡುವುದು ಹಾರುವ ವಸ್ತುಗಳಿಂದ. 2023ರ ಮಾರ್ಚ್‌ನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಬಿ.ಎಸ್. ಯಡಿಯೂರಪ್ಪ ಅವರಿದ್ದ ಹೆಲಿಕಾಪ್ಟರ್ ಇಳಿಯುವ ಹೊತ್ತಿಗೆ ಪ್ಲಾಸ್ಟಿಕ್ ಹಾಳೆಗಳು ಎದ್ದು, ಪೈಲಟ್ ಮತ್ತೆ ಮೇಲಕ್ಕೆ ಒಯ್ಯಬೇಕಾಯಿತು. ಬಯಲು ಸ್ವಚ್ಛ ಮಾಡಿದ ಮೇಲಷ್ಟೇ ಇಳಿದದ್ದು. ನಮ್ಮ ಭಾಗದ ಪಟ್ಟಿ ಇನ್ನೂ ಉದ್ದವಿದೆ: ಗಂಗಾವತಿ, ಸಿಂಧನೂರಿನ ಕಡೆ ಭತ್ತದ ಹೊಟ್ಟು, ಎಪಿಎಂಸಿ ಅಂಗಳದ ಖಾಲಿ ಚೀಲ, ರಾಯಚೂರಿನ ಹತ್ತಿ, ಕಣದಲ್ಲಿ ಒಣಗಲು ಹರವಿದ ಮೆಣಸಿನಕಾಯಿ. ಮೆಣಸಿನ ಪುಡಿ ಎದ್ದರೆ ಬಂದೋಬಸ್ತಿನ ಪೊಲೀಸರ ಗತಿ ದೇವರಿಗೇ ಪ್ರೀತಿ. ಶಾಮಿಯಾನ, ಕಟೌಟ್, ಹಾಸಿದ ಕೆಂಪು ಜಮಖಾನೆ ಯಾವುದೂ ಹತ್ತಿರ ಬೇಡ.

ಧೂಳಿಗೆ ಹಿಂದಿನ ರಾತ್ರಿ ಚೆನ್ನಾಗಿ ನೀರು, ಇಳಿಯುವ ಒಂದು ಗಂಟೆ ಮುಂಚೆ ತೆಳುವಾಗಿ ಮತ್ತೊಮ್ಮೆ. 60 ಮೀಟರ್ ಚೌಕಕ್ಕೆ 5,000 ಲೀಟರಿನ ಟ್ಯಾಂಕರ್ ಒಂದು ಸಲಕ್ಕೆ ಎರಡು ಸಾಕು. ಹೆಚ್ಚಾದರೆ ಕೆಸರು.

ಎಚ್‌ಗೆ ಒಣ ಸುಣ್ಣದ ಪುಡಿ ಉದುರಿಸಬೇಡಿ, ಮೊದಲ ಗಾಳಿಗೇ ಎದ್ದು ಪೈಲಟ್‌ನ ಕಣ್ಣಿಗೆ ಮಬ್ಬು ಕವಿಸುತ್ತದೆ. ಅಂಟು ಬೆರೆಸಿದ ಸುಣ್ಣದ ನೀರಿನಲ್ಲಿ ಬರೆದು ಪೂರ್ತಿ ಒಣಗಲು ಬಿಡಿ. ಕನಿಷ್ಠ 3 ಮೀಟರ್ ಎತ್ತರ, 1.8 ಅಗಲ, ಪಟ್ಟಿ 40 ಸೆಂಟಿಮೀಟರ್. ಎಚ್‌ನ ಉದ್ದ ಗೆರೆಗಳು ಹೆಲಿಕಾಪ್ಟರ್ ಬರುವ ದಿಕ್ಕಿಗೆ ಸಮನಾಗಿರಬೇಕು. ವೇದಿಕೆಗೆ ಮುಖ ಮಾಡಿ ಬರೆಯುವುದು ಎಲ್ಲ ಕಡೆ ಕಾಣುವ ತಪ್ಪು. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ 2.4 ಮೀಟರ್ ಉದ್ದದ್ದು, ಮರದ ಮರೆಯಲ್ಲಿರದಂತೆ ನೆಡಿ.

ಅಕ್ಷಾಂಶ-ರೇಖಾಂಶ ಕಳಿಸುವಾಗ ಸೆಕೆಂಡೋ ದಶಮಾಂಶವೋ ಸ್ಪಷ್ಟವಾಗಿ ಬರೆಯಿರಿ. 15 ಡಿಗ್ರಿ 20.30 ನಿಮಿಷವೆಂದರೆ 20 ನಿಮಿಷ 18 ಸೆಕೆಂಡ್. ಅದನ್ನು 30 ಸೆಕೆಂಡ್ ಎಂದು ಓದಿದರೆ ಸುಮಾರು 370 ಮೀಟರ್ ಆಚೆ ಹೋಗುತ್ತದೆ.

ಜಿಲ್ಲಾಧಿಕಾರಿ, ಎಸ್ಪಿ ಕಚೇರಿಗೆ ಮೊದಲೇ ತಿಳಿಸಿ ಅಗ್ನಿಶಾಮಕ ವಾಹನ, ಆಂಬುಲೆನ್ಸ್ ನಿಲ್ಲಿಸಿಕೊಳ್ಳಿ. ಬ್ಯಾರಿಕೇಡ್ 60 ಮೀಟರ್ ದೂರವಿರಲಿ. ಶಾಲು, ಪೇಟ, ಹಾರ ಹಿಡಿದವರನ್ನು ಅದರ ಹೊರಗೇ ತಡೆಯಿರಿ. ರೆಕ್ಕೆ ಪೂರ್ತಿ ನಿಂತು, ಪೈಲಟ್ ಕೈ ತೋರಿಸಿದ ಮೇಲೆ, ಅವನಿಗೆ ಕಾಣುವಂತೆ ಮುಂದಿನಿಂದ ಬಿಡಿ. ಬಾಲದ ಕಡೆ ಯಾರೂ ಸುಳಿಯದಂತೆ ಇಬ್ಬರು ಕಾನ್‌ಸ್ಟೆಬಲ್‌ಗಳನ್ನು ಅದಕ್ಕೆಂದೇ ನಿಲ್ಲಿಸಿ. ತಿರುಗುವ ಬಾಲದ ರೆಕ್ಕೆ ಬಿಸಿಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ.