ಕ್ರಾಸ್ ಹಂದಿಯ ಮಾಂಸ ಚೆನ್ನಾಗಿರಬೇಕಾ? ಮೊದಲು ಗಂಡನ್ನು ನೋಡಿ

ಎರಡು ತಳಿ ಸೇರಿಸಿಬಿಟ್ಟರೆ ಎಲ್ಲ ಗುಣವೂ ತಾನಾಗಿ ಸುಧಾರಿಸುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಒಂದು ಸೂಲಿಗೆ ಎಷ್ಟು ಮರಿ, ಅದರಲ್ಲಿ ಉಳಿಯುವುದೆಷ್ಟು, ಎಷ್ಟು ಬೇಗ ಬೆಳೆಯುತ್ತವೆ, ಇವುಗಳ ಮಟ್ಟಿಗೆ ಆ ಮಾತು ನಿಜ. ಮಾಂಸದ ಗುಣದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಕ್ರಾಸ್ ಮರಿ ಹೆಚ್ಚುಕಡಿಮೆ ಅಪ್ಪ-ಅಮ್ಮನ ಸರಾಸರಿ, ಅಷ್ಟೇ.

ಸಾಮಾನ್ಯವಾಗಿ ಲ್ಯಾಂಡ್ರೇಸ್ ಮತ್ತು ಯಾರ್ಕ್‌ಶೈರ್ ಸೇರಿಸಿ ತಾಯಿ ಹಂದಿ ಮಾಡಿಕೊಂಡು, ಅದಕ್ಕೆ ಮೂರನೇ ತಳಿಯ ಗಂಡು ಬಿಡುತ್ತಾರೆ. ಮಾರಾಟಕ್ಕೆ ಹೋಗುವ ಪ್ರತಿ ಮರಿಯಲ್ಲೂ ಅರ್ಧ ಜೀನ್ ಆ ಗಂಡಿನದೇ. ತಾಯಂದಿರನ್ನೆಲ್ಲ ಬದಲಿಸುವುದು ವರ್ಷಗಟ್ಟಲೆಯ ಕೆಲಸ, ಗಂಡನ್ನು ಬದಲಿಸುವುದು ಸುಲಭ. ಅದಕ್ಕೇ ಅಲ್ಲಿಂದ ಶುರು ಮಾಡಿ ಅನ್ನುತ್ತಿದ್ದೇನೆ.

ಮೊದಲು ಕೇಳಬೇಕಾದದ್ದು ಹ್ಯಾಲೊಥೇನ್ ಜೀನ್ ಟೆಸ್ಟ್. ಇದರ ಇನ್ನೊಂದು ಹೆಸರು ಆರ್‌ವೈಆರ್1. ಪ್ರತಿ ಹಂದಿಯಲ್ಲೂ ಇದರ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಕೆಟ್ಟ ಪ್ರತಿಯಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. 1991ರಲ್ಲಿ ಇದು ಪತ್ತೆಯಾಯಿತು. ಇದರಿಂದ ಸ್ನಾಯುವಿನ ಕಣದೊಳಗೆ ಕ್ಯಾಲ್ಸಿಯಂ ಸೋರುತ್ತದೆ, ಕಡಿದ ಮೇಲೆ ಮೈ ಇನ್ನೂ ಬಿಸಿ ಇರುವಾಗಲೇ ಮಾಂಸ ಹುಳಿಯಾಗಿಬಿಡುತ್ತದೆ, ಬಿಸಿ ಮತ್ತು ಹುಳಿ ಎರಡೂ ಸೇರಿ ಪ್ರೋಟೀನ್ ಹಾಳಾಗಿ ನೀರು ಹಿಡಿದಿಡುವ ಶಕ್ತಿ ಹೋಗುತ್ತದೆ. ತುಂಡು ಬಿಳಿಚಿಕೊಂಡಿರುತ್ತದೆ, ಒತ್ತಿದರೆ ಮೆತ್ತಗೆ, ತಟ್ಟೆಯ ತುಂಬಾ ನೀರು. ಎರಡು ಕೆಟ್ಟ ಪ್ರತಿ ಇರುವ ಹಂದಿ ಸಾಗಿಸುವಾಗಲೇ ಗಾಬರಿಯಿಂದ ಸಾಯಬಹುದು. ಒಂದೇ ಪ್ರತಿ ಇದ್ದರೆ ಸಾಯುವ ಭಯ ಅಷ್ಟಿಲ್ಲ, ಆದರೆ ಮಾಂಸಕ್ಕೆ ಸ್ವಲ್ಪ ಪೆಟ್ಟು ಬಿದ್ದೇ ಬೀಳುತ್ತದೆ. ಗಂಡೂ ಹೆಣ್ಣೂ ಒಂದೊಂದು ಪ್ರತಿ ಹೊತ್ತಿದ್ದರೆ ಸರಾಸರಿ ನಾಲ್ಕು ಮರಿಗೆ ಒಂದಕ್ಕೆ ಎರಡೂ ಸಿಗುತ್ತವೆ. ಗಂಡು ಪೂರ್ತಿ ಕ್ಲೀನ್ ಇದ್ದರೆ ಹೆಣ್ಣು ಏನೇ ಹೊತ್ತಿರಲಿ, ಯಾವ ಮರಿಗೂ ಎರಡು ಬರುವುದಿಲ್ಲ. ಪಿಯೆಟ್ರೇನ್ ತಳಿಯಲ್ಲಿ ಈ ಕಾಟ ಜಾಸ್ತಿ, ಆದರೆ ಆ ಜೀನ್ ತೆಗೆದುಹಾಕಿದ ಪಿಯೆಟ್ರೇನ್ ಕೂಡ ಇವೆ. ತಳಿಯ ಹೆಸರು ಕೇಳಿ ಸುಮ್ನೆ ಬೇಡ ಅನ್ನಬೇಡಿ, ರಿಪೋರ್ಟ್ ಕೇಳಿ. ಬೇರು ಸಮೇತ ಕಿತ್ತ ಒಂದಷ್ಟು ಕೂದಲು ಇದ್ದರೆ ಲ್ಯಾಬ್‌ನಲ್ಲಿ ಟೆಸ್ಟ್ ಮಾಡುತ್ತಾರೆ.

ಹ್ಯಾಂಪ್‌ಶೈರ್ ತಳಿಯ ರಕ್ತ ಇದ್ದರೆ ಆರ್‌ಎನ್ ಜೀನ್ ಟೆಸ್ಟೂ ಬೇಕು. ಇದು ಇನ್ನೂ ತಲೆನೋವು, ಮಾಂಸ ಕೆಡಲು ಒಂದೇ ಕೆಟ್ಟ ಪ್ರತಿ ಸಾಕು. ಸ್ನಾಯುವಿನಲ್ಲಿ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ, ಕಡಿದ ಮೇಲೆ ಹುಳಿಯಾಗುವುದು ಇದೇ) ಸುಮಾರು 70% ಜಾಸ್ತಿ ಸೇರಿಕೊಂಡು ಕಡಿದ ಮರುದಿನದ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗಿಳಿಯುತ್ತದೆ. ಹ್ಯಾಮ್ (ಉಪ್ಪು ಹಾಕಿದ ತೊಡೆಯ ಮಾಂಸ) ಬೇಯಿಸಿದಾಗ ತೂಕ ಕಡಿಮೆಯಾಗುತ್ತದೆ.

ಐಜಿಎಫ್2 ಅಂತ ಇನ್ನೊಂದು ಜೀನ್ ಇದೆ, ನನಗೆ ತುಂಬಾ ಇಷ್ಟವಾದದ್ದು. ಇದರಲ್ಲಿ ಅಪ್ಪನಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುತ್ತದೆ, ಅಮ್ಮನದು ಮೌನ! ಎರಡೂ ಪ್ರತಿ ಸ್ನಾಯು ಬೆಳೆಸುವ ಬಗೆಯದೇ ಆಗಿರುವ ಗಂಡು ಬಿಟ್ಟರೆ ಎಲ್ಲ ಮರಿಗಳಲ್ಲೂ ಸ್ನಾಯು ಜಾಸ್ತಿ, ಬೆನ್ನಿನ ಕೊಬ್ಬು ಕಡಿಮೆ. ತಾಯಂದಿರು ಮಾತ್ರ ಕೊಬ್ಬು ಉಳಿಸಿಕೊಂಡು ಚೆನ್ನಾಗಿ ಮರಿ ಸಾಕಬಹುದು.

ರುಚಿಗೆ ಬೇಕಾದದ್ದು ಮಾಂಸದೊಳಗೇ ಇರುವ ಸಣ್ಣ ಕೊಬ್ಬಿನ ಗೆರೆಗಳು. 2ರಿಂದ 3% ಇದ್ದರೆ ಒಳ್ಳೆಯದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಇದರ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ವಂಶದಿಂದಲೇ ಬರುತ್ತದೆ, ಅಂದರೆ ಆರಿಸಿದರೆ ಫಲ ಸಿಗುತ್ತದೆ. ಡ್ಯೂರಾಕ್ ಗಂಡಿಗೆ ಬೇಡಿಕೆ ಇರುವುದು ಇದಕ್ಕೇ. ಆದರೆ ಡ್ಯೂರಾಕ್ ಅಂದ ಕೂಡಲೇ ಕಣ್ಣು ಮುಚ್ಚಿ ಕೊಳ್ಳಬೇಡಿ, ಒಂದು ಗಂಡಿಗೂ ಇನ್ನೊಂದಕ್ಕೂ ವ್ಯತ್ಯಾಸ ಬಹಳ ಇರುತ್ತದೆ. ಅದರ ಮಕ್ಕಳ ಅಥವಾ ಒಡಹುಟ್ಟಿದವುಗಳ ಮಾಂಸದ ಅಳತೆ ಕೇಳಿ.

ನೀರು ಸೋರುವುದು, ಪಿಎಚ್, ಇವುಗಳಲ್ಲಿ ವಂಶದ ಪಾಲು ಸುಮಾರು 20% ಅಷ್ಟೇ. ದೊಡ್ಡ ಪೆಟ್ಟು ಕೊಡುವ ಆ ಜೀನ್‌ಗಳನ್ನು ಹೊರಗಿಟ್ಟ ಮೇಲೆ ಉಳಿದದ್ದು ಬಹುಪಾಲು ಸಾಗಾಣಿಕೆ, ವಿಶ್ರಾಂತಿ, ತಣ್ಣಗೆ ಮಾಡುವುದರ ಮೇಲಿದೆ. ಹಂದಿಯನ್ನು ಕೋಲಿನಲ್ಲಿ ಹೊಡೆದು ಓಡಿಸಿದರೆ ಎಂಥ ಜೀನ್ ಇದ್ದರೂ ಉಪಯೋಗವಿಲ್ಲ.

ಗಂಡು ಬದಲಿಸಿದ ಮೇಲೆ ಅಳೆದು ನೋಡಿ. ಬೆನ್ನಿನ ಮಾಂಸಕ್ಕೆ ಪಿಎಚ್ ಮೀಟರ್ ಚುಚ್ಚಿ: ಕಡಿದ 45 ನಿಮಿಷಕ್ಕೆ 6ಕ್ಕಿಂತ ಕೆಳಗಿದ್ದರೆ ಅನುಮಾನ ಪಡಿ, 24 ಗಂಟೆಗೆ 5.6ರಿಂದ 5.8 ಇದ್ದರೆ ಸರಿ. ಒಂದು ತುಂಡು ತೂಗಿ, ಚೀಲದೊಳಗೆ ಎಲ್ಲೂ ತಾಗದ ಹಾಗೆ ಫ್ರಿಜ್‌ನಲ್ಲಿ ತೂಗುಹಾಕಿ, ಮರುದಿನ ಮತ್ತೆ ತೂಗಿ, ಕಡಿಮೆಯಾದ ತೂಕವೇ ಸೋರಿದ ನೀರು. ಎರಡು ಗಂಡುಗಳ ಮರಿಗಳನ್ನು ಹೋಲಿಸುವುದಾದರೆ ಒಂದೇ ಗಾಡಿಯಲ್ಲಿ ಕಳಿಸಿ ಒಂದೇ ದಿನ ಕಡಿಸಿ. ಬೇರೆ ಬೇರೆ ದಿನ ಮಾಡಿದರೆ ನೀವು ಅಳೆದದ್ದು ಗಂಡನ್ನೋ ಆ ದಿನದ ಬಿಸಿಲನ್ನೋ ಗೊತ್ತಾಗುವುದಿಲ್ಲ, ಅಲ್ವಾ?