ಸ್ಕ್ರೂಡ್ರೈವರ್ ಅವಳ ಕೈಲೇ ಇರ್ಲಿ: ಹುಡುಗೀರಿಗೆ ಸೈನ್ಸ್ ವರ್ಕ್‌ಶಾಪ್ ಮಾಡೋರಿಗೆ ಒಂದಷ್ಟು ಮಾತು

ನಾನು ಮೊದಲ ಸಲ ಹುಡುಗೀರಿಗೆ ಅಂತಲೇ ವರ್ಕ್‌ಶಾಪ್ ಮಾಡಿದಾಗ ಬಂದಿದ್ದು 30 ಜನ, ನಮ್ಮ ಹತ್ರ ಇದ್ದಿದ್ದು 8 ಕಿಟ್ಟು. ನಾಲ್ಕು ನಾಲ್ಕು ಜನರ ಗುಂಪು ಮಾಡಿ ಕೂರಿಸಿದ್ವಿ, ಒಬ್ಳು ವೈರ್ ಹಿಡ್ಕೊಂಡ್ಳು, ಇನ್ನೊಬ್ಳು ಬ್ಯಾಟರಿ ಹಿಡ್ಕೊಂಡ್ಳು, ಮಿಕ್ಕಿದ ಇಬ್ರು ಎರಡು ಗಂಟೆ ಅವರ ಭುಜದ ಮೇಲಿಂದ ಇಣುಕಿ ನೋಡಿದ್ರು ಅಷ್ಟೆ. ಫೋಟೋ ಮಾತ್ರ ಭರ್ಜರಿಯಾಗಿ ಬಂತು. ರಾತ್ರಿ ಆ ಫೋಟೋಗಳನ್ನೇ ನೋಡ್ತಾ ಕೂತಾಗ ಗೊತ್ತಾಯ್ತು, ಅರ್ಧ ಮಕ್ಕಳು ಒಂದು ತಂತಿನೂ ಮುಟ್ಟದೆ ಮನೆಗೆ ಹೋಗಿದಾರೆ ಅಂತ. ಆಮೇಲೆ ಒಂದೊಂದೇ ತಪ್ಪು ಮಾಡ್ತಾ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ, ನೀವಾದ್ರೂ ಬೇರೆ ತಪ್ಪು ಮಾಡಿ.

ಯಾರಿಗೆ, ಎಷ್ಟು ಜನಕ್ಕೆ

ವಯಸ್ಸು 9ರಿಂದ 13ರೊಳಗಿದ್ರೆ ಚೆನ್ನ. "ಕೋರ್ಸ್ ಆರಿಸ್ಕೊಳೋ ವಯಸ್ಸು ಬರ್ಲಿ, ಆಗ ಮಾಡೋಣ" ಅನ್ನೋರೇ ಜಾಸ್ತಿ, ಆದ್ರೆ ಅಷ್ಟೊತ್ತಿಗೆ ತಡ ಆಗಿರುತ್ತೆ. 2017ರಲ್ಲಿ ಸೈನ್ಸ್ ಪತ್ರಿಕೆಲಿ ಬಂದ ಒಂದು ಅಧ್ಯಯನದಲ್ಲಿ ಅಮೆರಿಕದ ಮಕ್ಕಳನ್ನ ವಿಚಾರಿಸಿದ್ರು: 5 ವರ್ಷದಲ್ಲಿ ಹುಡುಗ್ರಿಗೂ ಹುಡುಗೀರಿಗೂ "ತುಂಬಾ ತುಂಬಾ ಜಾಣರು" ಅಂದ್ರೆ ತಮ್ಮೋರೇ, 6-7 ವರ್ಷಕ್ಕೆ ಬರೋವಷ್ಟರಲ್ಲಿ ಹುಡುಗೀರು ಹಾಗನ್ನೋದು ಕಮ್ಮಿ ಆಗೋಗಿತ್ತು, ಅಷ್ಟೇ ಅಲ್ದೆ "ಇದು ತುಂಬಾ ಜಾಣ ಮಕ್ಕಳ ಆಟ" ಅಂತ ಹೇಳಿ ತೋರಿಸಿದ ಆಟದ ಮೇಲೆ ಅವರ ಆಸಕ್ತಿನೂ ಇಳಿದಿತ್ತು. ಅದಕ್ಕೂ ಮುಂಚೆ 1983ರಲ್ಲಿ ಡೇವಿಡ್ ವೇಡ್ ಚೇಂಬರ್ಸ್ ಪ್ರಕಟಿಸಿದ ಒಂದು ಕೆಲಸ ಇದೆ, 4807 ಮಕ್ಕಳಿಗೆ "ಒಬ್ಬ ವಿಜ್ಞಾನಿ ಚಿತ್ರ ಬರೀರಿ" ಅಂದಿದ್ರು, ಅದರಲ್ಲಿ ಹೆಣ್ಣು ವಿಜ್ಞಾನಿ ಇದ್ದ ಚಿತ್ರ ಬರೀ 28, ಅಷ್ಟನ್ನೂ ಬರೆದಿದ್ದು ಹುಡುಗೀರೇ. ಕಾಲ ಬದಲಾಗಿದೆ, ಈಗ ಅಷ್ಟು ಕೆಟ್ಟದಾಗಿಲ್ಲ, ಆದ್ರೂ ನಾನು ವರ್ಕ್‌ಶಾಪ್ ಶುರುವಾಗೋ ಮುಂಚೆ ಮಕ್ಕಳು ಒಬ್ಬೊಬ್ರೇ ಬರ್ತಿರೋ ಹೊತ್ತಲ್ಲಿ ಒಂದು ಹಾಳೆ ಕೊಟ್ಟು "ಕೆಲಸ ಮಾಡ್ತಿರೋ ಎಂಜಿನಿಯರ್ ಬರೀ" ಅಂತೀನಿ. ಬರೆದಿದ್ದನ್ನ ಇಸ್ಕೊಂಡು ಇಟ್ಕೋತೀನಿ, ಅದರ ಮೇಲೆ ಭಾಷಣ ಮಾಡಲ್ಲ.

ಸಂಖ್ಯೆ 20 ದಾಟಬೇಡಿ. ಇಬ್ರಿಗೆ ಒಂದು ಕಿಟ್, 5-6 ಮಕ್ಕಳಿಗೆ ಒಬ್ರು ವಾಲಂಟಿಯರ್. ಮೂರು ಜನರ ಗುಂಪು ಆದ ತಕ್ಷಣ ಒಬ್ಳು ಪ್ರೇಕ್ಷಕಿ ಆಗೋಗ್ತಾಳೆ, ಇದು ನಾನು ಪ್ರತಿ ಸಲ ನೋಡಿದ್ದು. ಇಬ್ರಲ್ಲೂ ಒಂದು ಕಾಯಿಲೆ ಇದೆ: "ನಿನ್ನ ಅಕ್ಷರ ಚೆನ್ನಾಗಿದೆ ನೀನು ಬರಿ, ನಾನು ಜೋಡಿಸ್ತೀನಿ". ಅಕ್ಷರ ಚೆನ್ನಾಗಿರೋ ತಪ್ಪಿಗೆ ಆ ಹುಡುಗಿ ಪೂರ್ತಿ ದಿನ ಗುಮಾಸ್ತೆ. 15 ನಿಮಿಷಕ್ಕೊಂದು ಸಲ ಚಪ್ಪಾಳೆ ತಟ್ಟಿ ಕೆಲಸ ಅದಲು ಬದಲು ಮಾಡಿಸಿ, ಗೊಣಗಿದ್ರೂ ಬಿಡಬೇಡಿ.

ಹುಡುಗೀರು ಮಾತ್ರನಾ, ಎಲ್ರೂ ಸೇರಿನಾ ಅಂತ ಕೇಳ್ತಾರೆ. ಎರಡೂ ಮಾಡಿದೀನಿ. ಎಲ್ರೂ ಇದ್ರೆ ಜೋಡಿಗಳನ್ನ ಹುಡುಗಿ-ಹುಡುಗಿ, ಹುಡುಗ-ಹುಡುಗ ಅಂತಲೇ ಮಾಡ್ತೀನಿ, ಯಾಕಂದ್ರೆ ಮನೇಲಿ ಮೊದಲೇ ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಇರೋರು ಕೇಳದೆ ಕಿತ್ಕೊಂಡು ಮಾಡಿಬಿಡ್ತಾರೆ, ಕೆಟ್ಟ ಬುದ್ಧಿ ಏನಲ್ಲ, ಕೈ ತುರಿಕೆ.

ಏನು ಮಾಡಿಸೋದು

ಸೋಡಾ-ವಿನೆಗರ್ ಜ್ವಾಲಾಮುಖಿ ದಯವಿಟ್ಟು ಬೇಡ. ನೊರೆ ಉಕ್ಕುತ್ತೆ, ಎಲ್ರೂ "ಹೋ" ಅಂತಾರೆ, ಮುಗೀತು, ಅದರಲ್ಲಿ ಮಗು ತಾನಾಗಿ ತೀರ್ಮಾನ ಮಾಡೋ ವಿಷಯ ಒಂದೂ ಇರಲ್ಲ. ನನ್ನ ಅಳತೆಗೋಲು ಒಂದೇ, ಪ್ರಾಜೆಕ್ಟು ಕನಿಷ್ಠ ಮೂರು ಥರ ಕೆಡಬೇಕು, ಮತ್ತೆ ಯಾಕೆ ಕೆಟ್ಟಿತು ಅಂತ 10 ವರ್ಷದ ಹುಡುಗಿ ತಾನೇ ಹುಡುಕೋ ಹಾಗಿರಬೇಕು. ಮೊದಲ ಸಲಕ್ಕೇ ಎಲ್ಲರದ್ದೂ ಕೆಲಸ ಮಾಡಿದ್ರೆ ಅದು ಅಸೆಂಬ್ಲಿ ಲೈನು. ಇನ್ನೊಂದು, ಹುಡುಗೀರು ಅಂತ ಎಲ್ಲಾ ಕಿಟ್ಟಿಗೂ ಪಿಂಕ್ ಬಣ್ಣ ಬಳಿದು ಲಿಪ್‌ಸ್ಟಿಕ್ ಮಾಡೋದು ಕಲಿಸೋರಿದಾರೆ. ರಸಾಯನಶಾಸ್ತ್ರ ಅದ್ರಲ್ಲೂ ಇದೆ, ಜಗಳ ಇಲ್ಲ, ಆದ್ರೆ ಮೋಟರ್ ಹುಡುಗ್ರಿಗೆ ಲಿಪ್‌ಸ್ಟಿಕ್ ನಿಮಗೆ ಅನ್ನೋ ಮಾತು ಬಾಯಿ ಬಿಡದೇನೇ ಹೇಳಿದ ಹಾಗಾಗುತ್ತೆ.

ಶುರುಗೆ ಪೇಪರ್ ಸೇತುವೆ. ಒಂದೇ ಎ4 ಹಾಳೆ, ಎರಡು ಪುಸ್ತಕದ ಗುಡ್ಡೆ ಮಧ್ಯೆ 20 ಸೆಂಟಿಮೀಟರ್ ಜಾಗ, ಮೇಲೆ ಎಷ್ಟು ನಾಣ್ಯ ನಿಲ್ಲುತ್ತೆ ನೋಡಿ ಅನ್ನೋದು, ಅಷ್ಟೆ. ಹಾಗೇ ಇಟ್ರೆ ಹಾಳೆ ತನ್ನ ಭಾರಕ್ಕೇ ಜೋಲುತ್ತೆ. ಬೀಸಣಿಗೆ ಥರ ಮಡಚಿ ಇಟ್ಟಾಗ ಅದೇ ಹಾಳೆ ನಾಣ್ಯದ ಮೇಲೆ ನಾಣ್ಯ ಹೊರುತ್ತೆ. ಕಾರಣ ಎತ್ತರ: ಪಟ್ಟಿಯ ದಪ್ಪ ಎರಡರಷ್ಟಾದ್ರೆ ಅದನ್ನ ಬಗ್ಗಿಸೋದು ಎಂಟರಷ್ಟು ಕಷ್ಟ, ಮಡಚಿದಾಗ ಕಾಗದಕ್ಕೆ ಆ ಎತ್ತರ ಬಿಟ್ಟಿಯಾಗಿ ಸಿಗುತ್ತೆ. ಆದ್ರೆ ಇದನ್ನ ಮೊದಲೇ ಹೇಳಬೇಡಿ, ಮೂರು ಸಲ ಬಿದ್ದ ಮೇಲೆ ಹೇಳಿ. ಇಲ್ಲಿ ಎಮಿಲಿ ರೋಬ್ಲಿಂಗ್ ಕಥೆ ಒಂದೆರಡು ನಿಮಿಷದಲ್ಲಿ ಹೇಳಬಹುದು, ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ಕಟ್ಟಿಸ್ತಿದ್ದ ಚೀಫ್ ಎಂಜಿನಿಯರ್ ಗಂಡ ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ ಸೈಟಿಗೂ ಅವನಿಗೂ ಮಧ್ಯೆ ನಿಂತು, ಲೆಕ್ಕಾಚಾರ ಕಲಿತು, 1883ರಲ್ಲಿ ಸೇತುವೆ ತೆರೆಯೋವರೆಗೂ ಕೆಲಸ ನಡೆಸಿಕೊಟ್ಟೋಳು.

ಆಮೇಲೆ ಎಲ್ಇಡಿ. ಕೆಂಪು ಎಲ್ಇಡಿ, ಒಂದು 3 ವೋಲ್ಟ್ ಬಟನ್ ಸೆಲ್, ಉದ್ದ ಕಾಲು ಪಾಸಿಟಿವ್ ಕಡೆಗೆ. ತಿರುಗುಮುರುಗು ಹಿಡಿದ್ರೆ ಹತ್ತಲ್ಲ, ಏನೂ ಹಾಳಾಗೋದೂ ಇಲ್ಲ, ಹಾಗಾಗಿ ಧೈರ್ಯವಾಗಿ ತಪ್ಪು ಮಾಡಕ್ಕೆ ಬಿಡಬಹುದು. 9 ವೋಲ್ಟ್ ಬ್ಯಾಟರಿ ಮಾತ್ರ ನೇರ ಕೊಡಬೇಡಿ, ನಾನು "ಏನಾಗುತ್ತೆ ಮಹಾ" ಅಂತ ಕೊಟ್ಟು ಎಲ್ಇಡಿ ಟಪ್ ಅಂತು, ಪಕ್ಕದ ಹುಡುಗಿ ಆಮೇಲೆ ಯಾವುದನ್ನೂ ಮುಟ್ಟಲ್ಲ ಅಂತ ಕೂತ್ಳು. 9 ವೋಲ್ಟೇ ಬೇಕು ಅಂದ್ರೆ ಕರೆಂಟ್ ತಡೆದು ಕಮ್ಮಿ ಮಾಡೋ 470 ಓಮ್ ರೆಸಿಸ್ಟರ್ ಸೇರಿಸಿ.

ದಿನದ ಹೀರೋ: ಗೀಚೋ ರೋಬೋ

ಎರಡೂವರೆ ಗಂಟೆ ಇದ್ರೆ ಒಂದೂಕಾಲು ಗಂಟೆ ಇದಕ್ಕೇ ಇಡಿ. ಬೇಕಾಗಿರೋದು ಒಂದು ಪೇಪರ್ ಕಪ್, ಮೂರು ಸ್ಕೆಚ್ ಪೆನ್, ಒಂದು ಸಣ್ಣ ಡಿಸಿ ಮೋಟರ್, ಎರಡು ಡಬಲ್ ಎ ಸೆಲ್ಲು, ಅದಕ್ಕೊಂದು ಹೋಲ್ಡರ್, ಒಂದು ತುಂಡು ರಬ್ಬರ್, ಟೇಪು. ಕಪ್ಪನ್ನ ಬೋರಲು ಹಾಕಿ, ಪೆನ್ನುಗಳನ್ನ ಕಾಲಿನ ಥರ ಸುತ್ತ ಅಂಟಿಸಿ, ನಿಬ್ಬು ಕೆಳಗೆ. ಮೇಲೆ ಮೋಟರ್. ಮೋಟರ್ ಕಡ್ಡಿಗೆ ರಬ್ಬರ್ ತುಂಡು ಚುಚ್ಚಬೇಕು, ನಡುವಿಗೆ ಚುಚ್ಚದೆ ಒಂದು ಅಂಚಿಗೆ. ಮೋಟರ್ ತಿರುಗಿದಾಗ ಆ ಓರೆ ಭಾರ ಕಪ್ಪನ್ನ ಒಂದು ಸಲ ಈ ಕಡೆ ಒಂದು ಸಲ ಆ ಕಡೆ ಎಳೆಯುತ್ತೆ, ಇಡೀ ಕಪ್ಪು ನಡುಗ್ತಾ ಹಾಳೆ ಮೇಲೆ ಗೀಚ್ತಾ ಓಡುತ್ತೆ. ವಾಷಿಂಗ್ ಮೆಷಿನ್‌ನಲ್ಲಿ ಬಟ್ಟೆ ಒಂದೇ ಕಡೆ ಸೇರ್ಕೊಂಡಾಗ ಅದು ಕುಣಿಯೋದೂ ಇದಕ್ಕೇ.

ಇದು ಕೆಡೋ ರೀತಿಗಳು ಎಷ್ಟು ಚೆನ್ನಾಗಿವೆ ಗೊತ್ತಾ. ಮೋಟರ್ ತಿರುಗ್ತಾನೇ ಇಲ್ಲ ಅಂದ್ರೆ ವೈರ್ ತುದಿಯ ಪ್ಲಾಸ್ಟಿಕ್ ಸುಲಿದಿಲ್ಲ, ಇಲ್ಲಾ ಹೋಲ್ಡರ್‌ನಲ್ಲಿ ಒಂದು ಸೆಲ್ ಉಲ್ಟಾ ಕೂತಿದೆ, ಒಂದರದ್ದು ಇನ್ನೊಂದು ಕಳೆದು ಸೊನ್ನೆ ಆಗಿರುತ್ತೆ, ಇಲ್ಲಾ ರಬ್ಬರ್ ಕಪ್ಪಿಗೆ ತಗಲಿ ಸಿಕ್ಕಾಕೊಂಡಿದೆ. ತಿರುಗ್ತಿದೆ ಆದ್ರೆ ನಡುಗ್ತಿಲ್ಲ ಅಂದ್ರೆ ರಬ್ಬರ್ ಸರಿಯಾಗಿ ನಡುವಿಗೇ ಚುಚ್ಚಿದಾರೆ. ನಡುಗ್ತಿದೆ ಆದ್ರೆ ಬೀಳ್ತಿದೆ ಅಂದ್ರೆ ಕಾಲುಗಳು ಹತ್ತಿರ ಹತ್ತಿರ ಇವೆ. ವೈರನ್ನ ತಿರುಗಿಸಿ ಹಾಕಿದ್ರೆ ಮೋಟರ್ ಉಲ್ಟಾ ತಿರುಗುತ್ತೆ, ಅದು ಕೆಟ್ಟಿದ್ದೇನಲ್ಲ, ರೋಬೋ ಗೀಚೋ ದಾರಿ ಬದಲಾಗಬಹುದು, ಮಕ್ಕಳು ಅದನ್ನ ತಾವೇ ಕಂಡುಹಿಡಿದ್ರೆ ಕೂಗಾಡ್ತಾರೆ ಕೂಗಾಡ್ಲಿ ಬಿಡಿ.

ಈಗ ಮುಖ್ಯ ವಿಷಯ. ಕೆಟ್ಟಾಗ ನೀವು ಕೈ ಹಾಕಬೇಡಿ. ಒಂದು ಸಲ ಒಬ್ಳು ಹುಡುಗಿ 20 ನಿಮಿಷದಿಂದ ಒದ್ದಾಡ್ತಿದ್ಳು, ನನಗೆ ನೋಡಕ್ಕಾಗ್ಲಿಲ್ಲ, "ಕೊಡಮ್ಮ ಇಲ್ಲಿ" ಅಂತ ಇಸ್ಕೊಂಡು ವೈರ್ ಸುಲಿದು ಸುತ್ತಿ ವಾಪಸ್ ಇಟ್ಟೆ, ರೋಬೋ ಜುಂ ಅಂತ ಓಡ್ತು. ಅವಳು ನೋಡಿದ್ಳು, ಖುಷಿ ಪಡ್ಲಿಲ್ಲ, "ನೀವೇ ಮಾಡಿಬಿಟ್ರಲ್ಲ ಸರ್" ಅಂದ್ಳು. ಅವತ್ತಿಂದ ವಾಲಂಟಿಯರ್‌ಗಳಿಗೆ ನನ್ನ ಮೊದಲ ರೂಲು, ಕೈ ಹಿಂದೆ ಕಟ್ಕೊಂಡು ಓಡಾಡಿ. ಬಾಯಲ್ಲಿ ಪ್ರಶ್ನೆ ಕೇಳಬಹುದು, ಅದೂ ಉತ್ತರ ಒಳಗಿಟ್ಟಿರೋ ಪ್ರಶ್ನೆ ಬೇಡ. "ವೈರ್ ಸುಲಿದಿಲ್ವಲ್ಲ?" ಅನ್ನೋದು ಉತ್ತರ. "ಮೋಟರ್ ಕೆಟ್ಟಿದೆಯಾ, ಸೆಲ್ ಕೆಟ್ಟಿದೆಯಾ, ಹೆಂಗೆ ಗೊತ್ತಾಗುತ್ತೆ?" ಅನ್ನೋದು ಪ್ರಶ್ನೆ. ಸ್ವಲ್ಪ ಹೊತ್ತಾದ್ಮೇಲೆ ಅವಳೇ ಪಕ್ಕದೋಳ ಓಡ್ತಿರೋ ಮೋಟರ್ ತಂದು ತನ್ನ ಸೆಲ್ಲಿಗೆ ಹಚ್ಚಿ ನೋಡ್ತಾಳೆ, ಎಂಜಿನಿಯರಿಂಗ್ ಅಂದ್ರೆ ಬಹುಪಾಲು ಇದೇ ತಾನೇ. ಅಳು ಬರೋ ಹಂತಕ್ಕೆ ಹೋದ್ರೆ ಮಾತ್ರ ಪಕ್ಕದ ಜೋಡಿ ಹತ್ರ ಕಳಿಸಿ, ಆಗ್ಲೂ ನಿಮ್ಮ ಕೈ ಹಿಂದೇನೇ.

ಒಂದು ದೊಡ್ಡ ನೋಟ್‌ಬುಕ್ಕನ್ನ "ಬಗ್ ಪುಸ್ತಕ" ಅಂತ ಮಧ್ಯದಲ್ಲಿಡಿ, ಬಗ್ ಅಂದ್ರೆ ಇಂಗ್ಲಿಷಲ್ಲಿ ಹುಳ, ಕಂಪ್ಯೂಟರ್‌ನೋರ ಬಾಯಲ್ಲಿ ತಪ್ಪು. 1947ರಲ್ಲಿ ಹಾರ್ವರ್ಡ್ ಮಾರ್ಕ್ 2 ಕಂಪ್ಯೂಟರ್ ಕೈ ಕೊಟ್ಟಾಗ ಅದರ ರಿಲೇ (ಕರೆಂಟಿಂದ ನಡೆಯೋ ಸ್ವಿಚ್) ಒಳಗೆ ಒಂದು ಪತಂಗ ಸಿಕ್ಕಿತ್ತು, ಅಲ್ಲಿದ್ದೋರು ಅದನ್ನ ಲಾಗ್ ಪುಸ್ತಕಕ್ಕೆ ಟೇಪ್ ಹಾಕಿ ಅಂಟಿಸಿದ್ರು, ಆ ಕಂಪ್ಯೂಟರ್ ಜೊತೆ ಕೆಲಸ ಮಾಡ್ತಿದ್ದ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಈ ಕಥೆನ ಮುಂದೆ ಎಷ್ಟೋ ಕಡೆ ಹೇಳಿದ್ರು. ಅದನ್ನ ಹೇಳಿ, ಪ್ರತಿ ಜೋಡಿನೂ ತಮಗೆ ಸಿಕ್ಕ ತಪ್ಪನ್ನ ಬರೀಬೇಕು ಅನ್ನಿ, ಸಾಧ್ಯ ಆದ್ರೆ ಆ ತುಂಡು ವೈರನ್ನೋ ಹರಿದ ರಬ್ಬರನ್ನೋ ಅಂಟಿಸ್ಬೇಕು. ನಮ್ಮ ಪುಸ್ತಕದಲ್ಲಿ ಒಂದು ಪುಟದಲ್ಲಿ "ಸ್ವಿಚ್ ಆನ್ ಮಾಡಿರ್ಲಿಲ್ಲ" ಅಂತ ದಪ್ಪ ಅಕ್ಷರದಲ್ಲಿ ಇದೆ, ಅಂಟಿಸಕ್ಕೆ ಏನೂ ಇಲ್ದೆ ಒಂದು ಅಳೋ ಮುಖ ಬರೆದಿದಾರೆ.

ಬಾಯಿಂದ ಬರೋ ಮಾತು

ಶುರುನಲ್ಲಿ ಮೈಕ್ ಹಿಡ್ಕೊಂಡು "ಹುಡುಗೀರೂ ಸೈನ್ಸ್ ಮಾಡಬಹುದು, ಹುಡುಗ್ರಿಗಿಂತ ನೀವೇನೂ ಕಮ್ಮಿ ಇಲ್ಲ" ಅಂತ ಹೇಳೋ ಚಟ ಬಿಡಿ. ಆ ಅನುಮಾನ ಇಲ್ದೇ ಇದ್ದ ಮಗುಗೂ "ಓ, ಇದು ಡೌಟಿರೋ ವಿಷಯನಾ" ಅನ್ಸುತ್ತೆ. "ಇದು ತುಂಬಾ ಈಸಿ" ಅನ್ನೋದೂ ಬೇಡ, ಈಸಿ ಅಂದಿದ್ದು ಬರ್ಲಿಲ್ಲ ಅಂದ್ರೆ ನಾನೇ ದಡ್ಡಿ ಅನ್ಕೋತಾಳೆ. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಚಿಕ್ಕ ಮಕ್ಕಳಿಗೆ "ಇವತ್ತು ವಿಜ್ಞಾನಿಗಳಾಗೋಣ" ಅನ್ನೋ ಬದಲು "ಇವತ್ತು ಸೈನ್ಸ್ ಮಾಡೋಣ" ಅಂದಾಗ ಹುಡುಗೀರು ಜಾಸ್ತಿ ಹೊತ್ತು ಬಿಡದೆ ಆಡಿದ್ರು. ಚಿಕ್ಕ ವ್ಯತ್ಯಾಸ, ಕಾಸು ಖರ್ಚಿಲ್ಲ, ನಾನಂತೂ ಈಗ ಹಾಗೇ ಹೇಳೋದು. ಹೊಗಳೋವಾಗ್ಲೂ "ಜಾಣೆ" ಅನ್ನೋಕಿಂತ "ಮೂರನೇ ಪೆನ್ನನ್ನ ಸ್ವಲ್ಪ ದೂರ ಸರಿಸಿದೆಯಲ್ಲ, ಅದು ಹೆಂಗೆ ಹೊಳೀತು?" ಅಂತ ಕೇಳಿ ನೋಡಿ, ಮುಖ ಅರಳುತ್ತೆ, ಎರಡು ನಿಮಿಷ ಮಾತಾಡ್ತಾಳೆ.

ಅತಿಥಿ ಕರೆಸೋದಾದ್ರೆ ದೊಡ್ಡ ಹೆಸರು ಹುಡುಕಬೇಡಿ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿರೋ ಹುಡುಗಿ ಒಬ್ಳು ತಾನು ಸುಟ್ಟು ಹಾಕಿದ ಸರ್ಕ್ಯೂಟ್ ಬೋರ್ಡನ್ನ ಕೈಲಿ ಹಿಡ್ಕೊಂಡು ಬಂದು "ಇದು ನಾನೇ ಸುಟ್ಟಿದ್ದು" ಅಂದ್ರೆ ಸಾಕು, ಮಕ್ಕಳು ಮುತ್ಕೋತಾರೆ. ಮೇರಿ ಕ್ಯೂರಿ 1903ರಲ್ಲೂ 1911ರಲ್ಲೂ ನೊಬೆಲ್ ತಗೊಂಡಿದ್ದು ದೊಡ್ಡದೇ, ಆದ್ರೆ 11 ವರ್ಷದ ಮಗುಗೆ ಅದು ಗೋಡೆ ಮೇಲಿನ ಫೋಟೋ, "ನಾನೂ ಹೀಗಾಗಬಹುದು" ಅಂತ ಅನ್ಸೋದು ಹಾಸ್ಟೆಲ್ ಕಥೆ ಹೇಳೋ ಅಕ್ಕನ್ನ ನೋಡಿದಾಗ.

ಜೋಪಾನ

ಬಟನ್ ಸೆಲ್ಲನ್ನ ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ. ಮನೇಲಿರೋ ಪುಟ್ಟ ತಮ್ಮನೋ ತಂಗಿನೋ ನುಂಗಿದ್ರೆ ಅನ್ನನಾಳ ಒಳಗಿಂದ ಸುಡುತ್ತೆ, ಗಂಟೆಗಳ ಲೆಕ್ಕದಲ್ಲಿ ಜೀವಕ್ಕೇ ಅಪಾಯ, ಹಾಗಾಗಿ ಎಲ್ಇಡಿ ಮನೆಗೆ ಕಳಿಸಿ, ಬಟನ್ ಸೆಲ್ ಕಳಿಸಬೇಡಿ. ಗ್ಲೂ ಗನ್ ಲೋ ಟೆಂಪರೇಚರ್‌ದೇ ಇರ್ಲಿ, ಅದೂ ಒಂದು ಟೇಬಲ್ ಮೇಲೆ, ಪಕ್ಕದಲ್ಲಿ ದೊಡ್ಡೋರೊಬ್ರು. ಉದ್ದ ಕೂದಲು ಕಟ್ಕೊಳ್ಳಕ್ಕೆ ರಬ್ಬರ್ ಬ್ಯಾಂಡ್ ನೀವೇ ಇಟ್ಟಿರಿ. ಸೆಲ್ಲಿನ ಎರಡು ತುದಿನ ವೈರಿಂದ ನೇರ ಸೇರಿಸಿದ್ರೆ ಬಿಸಿ ಆಗುತ್ತೆ, ಬಿಸಿ ಆದ್ರೆ ತಕ್ಷಣ ಬಿಡಿಸಿ ಅಂತ ಮೊದಲೇ ಹೇಳಿ. ಸಾಮಾನು ಐದರಲ್ಲಿ ಒಂದು ಪಾಲು ಹೆಚ್ಚೇ ತನ್ನಿ, ಮತ್ತೆ ಹಿಂದಿನ ದಿನ ಪ್ರತಿಯೊಂದು ಮೋಟರನ್ನೂ ಸೆಲ್ಲಿಗೆ ಹಚ್ಚಿ ತಿರುಗಿಸಿ ನೋಡಿ. ಮಗು ಮಾಡಿದ ತಪ್ಪಿಂದ ಕಲೀಬಹುದು, ಅಂಗಡಿಯೋನು ಕೊಟ್ಟ ಸತ್ತ ಮೋಟರಿಂದ ಕಲಿಯೋದು ಏನೂ ಇಲ್ಲ.

ಕೊನೇ 20 ನಿಮಿಷ

ಅಪ್ಪ ಅಮ್ಮನ್ನ ಒಳಗೆ ಕರೀರಿ. ವಿವರಿಸೋದು ನೀವಲ್ಲ, ಮಕ್ಕಳು, ಅದೂ ಓಡ್ತಿರೋ ರೋಬೋ ತೋರಿಸೋಕೆ ಮುಂಚೆ ಬಗ್ ಪುಸ್ತಕದಲ್ಲಿ ತಮ್ಮ ಪುಟ ತೋರಿಸ್ಲಿ. ಅಪ್ಪಂದಿರು ಕೈ ಚಾಚಿ "ತಾ ನೋಡೋಣ" ಅಂತ ಇಸ್ಕೊಂಡು ಸರಿ ಮಾಡಕ್ಕೆ ಶುರು ಮಾಡ್ತಾರೆ, ಆಗ ನಗ್ತಾ ನಗ್ತಾ ಅವರಿಗೂ ಕೈ ಹಿಂದೆ ಕಟ್ಕೊಳಕ್ಕೆ ಹೇಳಿ. ಬಹುಮಾನ, ಫಸ್ಟ್ ಸೆಕೆಂಡ್ ಯಾವುದೂ ಬೇಡ. ರೋಬೋ ಮನೆಗೆ ಹೋಗ್ಲಿ, ಜೊತೆಗೆ ಇನ್ನೊಂದು ತುಂಡು ರಬ್ಬರು ಅರ್ಧ ಮೀಟರ್ ವೈರು ಕೊಟ್ಟು ಕಳಿಸಿ, ಮನೇಲಿ ಅದು ಕೆಟ್ಟೇ ಕೆಡುತ್ತೆ. ಒಂದೇ ದಿನದ ವರ್ಕ್‌ಶಾಪು ಹಬ್ಬದ ಥರ, ಮರುದಿನ ಮರೆತೋಗುತ್ತೆ, ಅದಕ್ಕೇ ಮುಂದಿನ ಸಲದ ತಾರೀಕು ಬೋರ್ಡ್ ಮೇಲೆ ಬರೆದಿಟ್ಟೇ ಶುರು ಮಾಡಿ, ಮೂರು ನಾಲ್ಕು ವಾರದೊಳಗಿರ್ಲಿ, ಕೆಟ್ಟ ರೋಬೋ ತಗೊಂಡು ಬನ್ನಿ ಅಂತ ಕೆಳಗೆ ಬರೀರಿ.